ಎತ್ತರವಾದ ಸ್ಥಳಗಳಿಗೆ ಹೋಗಿ ನಿಲ್ಲುವದರ ವಿಷಯವಾಗಿ



ಹೋದ ವರುಷ ತೊಗರಿಯ ಕೊಯ್ಲಿನ ಕಾಲದಲ್ಲಿ ನಮ್ಮ ಸಭೆಯ ನಾಲ್ವರು ಯೌವನಸ್ಥರು ಬೆಂಗಳೂರಿಗೆ ಹೋಗಿದ್ದ ಗುಳೆಯಿಂದ ಊರಿಗೆ ಹಿಂದಿರುಗಿದರು. ಆದಿತ್ಯವಾರದ ಆರಾಧನೆ ಮುಗಿದ ತರುವಾಯ ಅವರು ನನ್ನ ಬಳಿಗೆ ಬಂದು, "ಅಯ್ಯನೋರೇ, ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆ ಎಲ್ಲಕ್ಕಿಂತ ಎತ್ತರ ಇರೋ ಜಾಗ ಯಾವುದದ ನೋಡಿ, ಅಲ್ಲಿಗೆ ಹೋಗಿ ನಿಂತು ಬರಬೇಕಂತ ಮಾಡೀವಿ. ನೀವೂ ಬರ್ರಿ" ಎಂದು ಕರೆದರು. ಮಂದಿರದ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಹಿರಿಯರೊಬ್ಬರು ಇದನ್ನು ಕೇಳಿ ತಲೆಯಲ್ಲಾಡಿಸಿದರು. "ಗುಡ್ಡ ಹತ್ತೋದು ಮೈಲಾಪುರದ ಜಾತ್ರಿಗೆ ಹೋಗೋರ ಕೆಲಸ. ನಮಗೇನದ ಅಲ್ಲಿ? ಹುಲ್ಲಿಲ್ಲ, ಕಟಗಿ ಇಲ್ಲ. ಒಂದು ದಿನದ ಕೂಲಿ ಹಾಳು" ಎಂದರು.

ಈ ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿದ್ದವು. ಒಂದು, ಎತ್ತರವಾದ ಸ್ಥಳವನ್ನು ಹುಡುಕಿಕೊಂಡು ಹೋಗುವದು ನಾವು ಬಿಟ್ಟುಬಂದ ಯಾತ್ರೆಗಳಂಥದ್ದೇ ಅಲ್ಲವೋ ಎಂಬದು. ಎರಡನೆಯದು, ಯಾತ್ರೆಯಲ್ಲವಾದರೆ ಪ್ರಯೋಜನವಿಲ್ಲದ ಕೆಲಸಕ್ಕೆ ಬಡವನು ಒಂದು ದಿವಸವನ್ನು ವೆಚ್ಚಮಾಡುವದು ಯುಕ್ತವೋ ಎಂಬದು. ಸೆಮಿನೆರಿಯಲ್ಲಿ ಓದಿದವನಾದ ನಾನು, ಇಸ್ರಾಯೇಲಿನ ಅರಸರು ಉನ್ನತಸ್ಥಳಗಳನ್ನು ಕೆಡವಿದ್ದನ್ನೂ ಕೆಡವದೆ ಹೋದದ್ದನ್ನೂ ಕುರಿತು ಪರೀಕ್ಷೆಗೆ ಬಾಯಿಪಾಠ ಮಾಡಿದವನು. ಆದರೂ ಆ ದಿವಸ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಯೋಚಿಸಿ ಹೇಳುತ್ತೇನೆಂದು ಹೇಳಿ ಮನೆಗೆ ಹೋದೆನು. ಆ ಯೋಚನೆಯನ್ನೂ ಬಳಿಕ ನಡೆದದ್ದನ್ನೂ ನಿಮಗೆ ತಿಳಿಸುವದಕ್ಕಾಗಿ ಇದನ್ನು ಬರೆಯುತ್ತೇನೆ.

ಮೊದಲು ಈ ಹವ್ಯಾಸವು ನಮ್ಮ ಹುಡುಗರ ಕಲ್ಪನೆಯೇನೂ ಅಲ್ಲವೆಂಬದನ್ನು ಹೇಳತಕ್ಕದ್ದು. ಅಮೇರಿಕಾ ದೇಶದಲ್ಲಿ ನಮ್ಮ ಜಿಲ್ಲೆಗಳಿಗೆ ಸಮಾನವಾದ ಕೌಂಟಿಗಳೆಂಬ ಭಾಗಗಳು ಮೂರು ಸಾವಿರಕ್ಕೂ ಮಿಕ್ಕಿವೆ. ಒಂದೊಂದು ಕೌಂಟಿಯಲ್ಲಿಯೂ ಸ್ವಾಭಾವಿಕವಾಗಿ ಎಲ್ಲಕ್ಕಿಂತ ಎತ್ತರವಾಗಿರುವ ಬಿಂದುವನ್ನು ನಕ್ಷೆಯಲ್ಲಿ ಹುಡುಕಿ, ಅಲ್ಲಿಗೆ ಹೋಗಿ ನಿಂತು, ಲೆಕ್ಕಕ್ಕೆ ಸೇರಿಸಿಕೊಳ್ಳುವ ಜನರು ಅಲ್ಲಿ ಅನೇಕರಿದ್ದಾರೆ. ಪರ್ವತಗಳ ಸೀಮೆಯಲ್ಲಿ ಇದು ಶೂರರ ಕೆಲಸವಾಗಿ ಕಾಣುತ್ತದೆ. ಆದರೆ ಬೇಸಾಯದ ಬಯಲು ಸೀಮೆಯಲ್ಲಿ ಆ ಬಿಂದುವು ಶಿಖರದ ಮೇಲೆ ಇರುವದಿಲ್ಲ. ಯಾರದೋ ಮೆಕ್ಕೆಜೋಳದ ಹೊಲದ ನಡುವೆ ಕಣ್ಣಿಗೆ ಕಾಣಿಸದಷ್ಟು ಉಬ್ಬಿರುವ ನೆಲವೇ ಅದಾಗಿರುತ್ತದೆ. ಐಯೋವಾ ಎಂಬ ಸಂಸ್ಥಾನವು ಪೂರಾ ಒಕ್ಕಲುತನದ ನಾಡು. ಅದರ ಅತ್ಯುನ್ನತ ಸ್ಥಳವು ಸಮುದ್ರಮಟ್ಟಕ್ಕೆ ೧,೬೭೦ ಅಡಿ ಎತ್ತರದಲ್ಲಿದೆ. ಅದು ಬಹುಕಾಲ ಒಂದು ಒಕ್ಕಲು ಮನೆತನದ ಹೊಲದಲ್ಲಿ, ದನಗಳಿಗೆ ಮೇವು ಹಾಕುವ ಗೋದಲಿಯ ಮಗ್ಗುಲಲ್ಲಿ ಇತ್ತು. ಆ ಮನೆಯವರು ಬಂದವರನ್ನು ಅಟ್ಟದೆ ಬರಮಾಡಿಕೊಂಡರು. ತರುವಾಯ ಆ ತುಂಡು ನೆಲವು ಕೌಂಟಿಯವರಿಗೇ ದಾನವಾಗಿ ಸಂದಿತು. ಇಲಿನಾಯ್ ಸಂಸ್ಥಾನದ ೧,೨೩೫ ಅಡಿಯ ದಿಬ್ಬವಾದರೋ ಇನ್ನೂ ಸ್ವಂತದವರ ಭೂಮಿಯೇ. ವರುಷದಲ್ಲಿ ಗೊತ್ತುಮಾಡಿದ ಕೆಲವು ದಿವಸ ಮಾತ್ರ ಅವರು ಪರರಿಗೆ ಬಾಗಲು ತೆರೆಯುತ್ತಾರೆ. ನಮ್ಮ ರಾಜ್ಯದ ಮುಳ್ಳಯ್ಯನಗಿರಿಯು ೧,೯೩೦ ಮೀಟರು, ಅಂದರೆ ಆರು ಸಾವಿರದ ಮುನ್ನೂರು ಅಡಿಗೂ ಮಿಕ್ಕಿ ಇರುವದರಿಂದ, ಇಂಥ ಅಂಕೆಗಳನ್ನು ಕೇಳಿ ಮಲೆನಾಡಿನವರು ನಗಬಹುದು. ಬಯಲುಸೀಮೆಯವರಾದ ನಾವು ನಗಬೇಕಾಗಿಲ್ಲ.

"ಸ್ವಾಭಾವಿಕವಾಗಿ" ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಡೆನ್ಮಾರ್ಕ್ ಎಂಬ ಚಿಕ್ಕ ದೇಶದಲ್ಲಿ ಎತ್ತರದ ವಿಷಯವಾಗಿ ದೀರ್ಘಕಾಲ ವಿವಾದ ನಡೆಯಿತು. ಆಕಾಶದ ಬೆಟ್ಟವೆಂದು ಹೆಸರುಳ್ಳ ಒಂದು ಗುಡ್ಡವೇ ದೇಶಕ್ಕೆಲ್ಲಾ ಎತ್ತರವೆಂದು ಜನರು ಬಹುಕಾಲ ನಂಬಿದ್ದರು. ೧೮೪೭ರಲ್ಲಿ ಅಳೆದು ನೋಡಿದಾಗ ಅದು ಸುಳ್ಳಾಯಿತು. ಈಗ ಈದಿಂಗ್ ಸ್ಕೋವ್‌ಹೋಯ್ ಎಂಬ ಸ್ಥಳದ ತುದಿಯು ೧೭೨.೫೪ ಮೀಟರಿನಷ್ಟಿದ್ದರೂ ಅದಕ್ಕೆ ಮೊದಲ ಸ್ಥಾನವಿಲ್ಲ. ಯಾಕಂದರೆ ಅದರ ಮೇಲೆ ಪೂರ್ವಕಾಲದ ಜನರು ತಮ್ಮ ಸತ್ತವರಿಗಾಗಿ ಎತ್ತಿದ ಮಣ್ಣಿನ ಗೋರಿದಿಬ್ಬವಿದೆ. ಮನುಷ್ಯರ ಕೈಯ ಆ ಮಣ್ಣನ್ನು ಕಳೆದರೆ ಉಳಿಯುವದು ೧೭೦.೭೭. ಒಂದು ಒಕ್ಕಲು ಮನೆಯ ಸಮೀಪದಲ್ಲಿ, ಹಿಂದೆ ಗಾಳಿಯ ಗಿರಣಿ ಇದ್ದ ಮ್ಯೋಲ್ಲೆಹೋಯ್ ಎಂಬ ಉಬ್ಬು ೧೭೦.೮೬ ಎಂದು ೨೦೦೫ರಲ್ಲಿ ಅಳೆಯಲ್ಪಟ್ಟು ಆ ದೇಶದ ಅತ್ಯುನ್ನತ ಸ್ಥಳವೆನ್ನಿಸಿಕೊಂಡಿತು. ಇವೆರಡರ ನಡುವಣ ಅಂತರವು ಒಂಬತ್ತು ಸೆಂಟಿಮೀಟರು, ಅಂದರೆ ನಾಲ್ಕೈದು ಬೆರಳಗಲ!

ಇಂಥ ಕೂಡಿಸಿದ ಎತ್ತರವು ನಮ್ಮ ಸೀಮೆಯಲ್ಲಿಯೂ ಉಂಟು. ಸುರಪುರ ಸೀಮೆಯ ಬೂದಿಹಾಳದಲ್ಲಿ ಒಂದು ಬೂದಿಯ ದಿಬ್ಬವಿದೆ. ೧೯೯೦ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಅಗೆದು ಶೋಧಿಸಿದರು. ನಾಲ್ಕು ಸಾವಿರ ವರುಷಗಳಿಗೂ ಹಿಂದೆ ದನಗಾಹಿಗಳು ತಮ್ಮ ದೊಡ್ಡಿಯ ಸಗಣಿಯನ್ನು ಒಂದು ಕಡೆ ಒಟ್ಟುತ್ತಾ ಆಗಾಗ್ಗೆ ಸುಡುತ್ತಾ ಬಂದದರಿಂದ ಉಂಟಾದ ದಿಬ್ಬವದು. ದನ ಕಾಯುವವರ ಮನೆತನದಲ್ಲಿ ಹುಟ್ಟಿದ ನನಗೆ, ನಮ್ಮ ನಾಡಿನ ಪುರಾತನ ಸ್ಮಾರಕವು ಅರಸನ ಗೋಪುರವಾಗಿರದೆ ತಿಪ್ಪೆಯಾಗಿದೆ ಎಂಬದು ಸಂತೋಷವನ್ನೇ ಕೊಡುತ್ತದೆ. ಎತ್ತರಗಳ ಲೆಕ್ಕದವರು ಅದನ್ನು ಸೇರಿಸುವದಿಲ್ಲ. ಒಬ್ಬ ಮನುಷ್ಯನನ್ನು ತೂಗುವಾಗಲೂ ಅವನ ಅಜ್ಜಂದಿರು ಒಟ್ಟಿದ ದಿಬ್ಬವನ್ನು ಕಳೆದು ಅವನ ಸ್ವಂತ ನೆಲವೆಷ್ಟೆಂದು ನೋಡುವ ಪದ್ಧತಿಯಿದ್ದಿದ್ದರೆ ನಮ್ಮ ಊರುಗಳಲ್ಲಿ ಎಷ್ಟು ಕಟ್ಟೆಗಳು ಬರಿದಾಗುತ್ತಿದ್ದವೋ!

ಇನ್ನೊಂದು ಸಂಗತಿ. ಜಿಲ್ಲೆಗೆ ಎತ್ತರವಾದ ಸ್ಥಳ ಎನ್ನುತ್ತೇವೆ; ಆ ಜಿಲ್ಲೆಯನ್ನು ಯಾರು ಮಾಡಿದರು? ಈ ಮೂರು ತಾಲೂಕುಗಳು ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದವು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ೨೦೧೦ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದವು. ಆ ಬಳಿಕ ಹುಣಸಗಿ, ವಡಗೇರಾ, ಗುರುಮಠಕಲ್ ಎಂಬ ಹೊಸ ತಾಲೂಕುಗಳೂ ಹುಟ್ಟಿದವು. ಸರಕಾರದ ಕಾಗದಕ್ಕೆ ರುಜು ಬಿದ್ದ ದಿವಸ ಈ ಸೀಮೆಯ ಯಾವದೋ ಒಂದು ಗುಡ್ಡವು ಜಿಲ್ಲೆಗೆ ದೊಡ್ಡದಾಗಿ ಎದ್ದಿತು. ಅದರ ಮೇಲಿನ ಬಂಡೆಗಳು ಸುಮಾರು ಇನ್ನೂರೈವತ್ತು ಕೋಟಿ ವರುಷಗಳ ಹಿಂದಿನ ಕಗ್ಗಲ್ಲುಗಳು. ಆ ದಿವಸ ಅವು ಒಂದು ಗೋದಿಕಾಳಿನಷ್ಟೂ ಬೆಳೆಯಲಿಲ್ಲ. ಗೆರೆ ಮಾತ್ರ ಸರಿಯಿತು. ನಾಳೆ ಇನ್ನೊಂದು ಗೆರೆ ಎಳೆದರೆ ಅದೇ ಗುಡ್ಡವು ಎರಡನೆಯದೋ ಹತ್ತನೆಯದೋ ಆಗುವದು. ಇದು ಅತ್ಯುನ್ನತ ಎಂಬ ಪದದ ಸ್ವಭಾವ. ಕಮಿಟಿಯ ಅಧ್ಯಕ್ಷನು, ಓಣಿಯ ಹಿರಿಯನು, ಉಪದೇಶಿಯಾದ ನಾನೂ ಇಂಥ ಗೆರೆಗಳ ಒಳಗೆ ಎತ್ತರವಾಗಿ ಕಾಣಿಸಿಕೊಳ್ಳುವವರು.

ಎತ್ತರವನ್ನು ಸ್ವಾಧೀನಪಡಿಸಿಕೊಳ್ಳುವದಕ್ಕೆ ಹೋದವರ ಕಥೆಯೂ ನಮ್ಮಲ್ಲಿಯೇ ಇದೆ. ಸುರಪುರದ ಬಳಿಯ ವಾಗಣಗೇರಾ ಕೋಟೆಯ ಗುಡ್ಡವು ಬೇಡರ ನಾಯಕನಾದ ಪಿಡ್ಡನಾಯಕನ ವಶದಲ್ಲಿತ್ತು. ೧೭೦೫ರಲ್ಲಿ ಔರಂಗಜೇಬ ಬಾದಷಹನು ತಾನೇ ದಂಡಿನ ಸಂಗಡ ಬಂದು ಅದನ್ನು ಮುತ್ತಿದನು. ೧೬೧೮ರಲ್ಲಿ ಹುಟ್ಟಿದವನಾದದರಿಂದ ಅವನಿಗೆ ಆಗ ಎಂಬತ್ತಾರು ವರುಷ ಪ್ರಾಯ. ದಿಲ್ಲಿಯ ಸಿಂಹಾಸನದಲ್ಲಿ ಕೂತವನಿಗೆ ಈ ಕಲ್ಲುಗುಡ್ಡದಿಂದ ಆಗಬೇಕಾದದ್ದೇನು? ತನ್ನ ಗೆರೆಯೊಳಗೆ ತನಗಿಂತ ಮೇಲೆ ಒಬ್ಬನು ನಿಂತಿರಕೂಡದು ಎಂಬದೇ. ತಿಂಗಳುಗಟ್ಟಲೆ ಮುತ್ತಿಗೆ ನಡೆದ ಮೇಲೆ ನಾಯಕನು ರಾತ್ರಿಯಲ್ಲಿ ತನ್ನವರೊಡನೆ ತಪ್ಪಿಸಿಕೊಂಡು ಹೋದನು. ಬಾದಷಹನ ಜನರು ಬರಿದಾದ ಗುಡ್ಡವನ್ನು ಹಿಡಿದರು. ಅವನು ಸ್ವತಃ ನಡಿಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಸಮೀಪದ ದೇವಾಪುರದಲ್ಲಿ ತಂಗಿದ್ದಾಗ ಅವನು ಬಹಳ ಕಾಯಿಲೆಬಿದ್ದನು. ೧೭೦೭ರಲ್ಲಿ ಅಹಮದನಗರದಲ್ಲಿ ತೀರಿಹೋದನು. ನಾಯಕರ ವಂಶವಾದರೋ ಸುರಪುರದಲ್ಲಿ ೧೮೫೮ರ ವರೆಗೆ ಉಳಿಯಿತು. ಅದೇ ಸುರಪುರದಲ್ಲಿ ೧೮೪೧ರಿಂದ ೧೮೫೩ರ ವರೆಗೆ ಇದ್ದ ಮೆಡೋಸ್ ಟೇಲರ್ ಸಾಹೇಬನೂ ಮನೆ ಕಟ್ಟಿದ್ದು ಗುಡ್ಡದ ಮೇಲೆಯೇ. ಆ ಬಂಗಲೆಯನ್ನು ಜನರು ಟೇಲರ್ ಮಂಜಿಲ್ ಎನ್ನುತ್ತಾರೆ. ಆಳುವವರೆಲ್ಲರಿಗೂ ಕೆಳಗೆ ನೋಡುವ ಜಾಗ ಬೇಕು.

ಇಷ್ಟನ್ನು ಯೋಚಿಸಿ ನಾನು ಹಿರಿಯರ ಪಕ್ಷಕ್ಕೆ ವಾಲಿದೆನು. ಹುಡುಗರಿಗೆ ಬೇಡವೆಂದು ಹೇಳುವದಕ್ಕಾಗಿಯೇ ಅವರ ಮನೆಗೆ ಹೋದೆನು. ಅವರಲ್ಲಿ ಕಿರಿಯವನು ನನ್ನ ಮಾತನ್ನೆಲ್ಲಾ ಸಾವಧಾನವಾಗಿ ಕೇಳಿ, "ಅಯ್ಯನೋರೇ, ಬೆಂಗಳೂರಾಗ ಇಪ್ಪತ್ತೆರಡನೇ ಅಂತಸ್ತಿಗೆ ಇಟ್ಟಂಗಿ ಹೊತ್ತೀವಿ. ಗ್ವಾಡಿ ಏಳೋತನಕ ಅದರ ಮ್ಯಾಲೇ ಮಲಗೀವಿ. ಮುಗದ ಮ್ಯಾಲ ಒಂದಿನ ನೋಡಾಕ ಹೋದರ ವಾಚ್‌ಮನ್ ಗೇಟಿನೊಳಗ ಬಿಡಲಿಲ್ಲ. ಗುಡ್ಡಕ್ಕ ಗೇಟಿಲ್ಲ. ಅಲ್ಲಿಂದ ಕೆಳಗಿಳಿ ಅಂತ ಯಾರೂ ಅನ್ನಂಗಿಲ್ಲ" ಎಂದನು.

ನಾನು ಹೇಳಬೇಕೆಂದಿದ್ದ ಉಪದೇಶವು ನನ್ನ ಗಂಟಲಲ್ಲಿಯೇ ನಿಂತಿತು. ಬಾದಷಹನು ತನ್ನ ಮೇಲೆ ಯಾರೂ ಇರಕೂಡದೆಂದು ಗುಡ್ಡಕ್ಕೆ ಹೋದನು. ಈ ಹುಡುಗರು ತಮ್ಮನ್ನು ಯಾರೂ ಇಳಿಸಕೂಡದೆಂದು ಹೋಗುವವರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಅನ್ಯಾಯವೆಂದು ನನಗೆ ತೋಚಿತು. ಹಾಗೂ ಪ್ರಯೋಜನದ ಮಾತು: ಒಕ್ಕಲಿಗನು ಸಾಯಂಕಾಲದಲ್ಲಿ ತನ್ನ ಹೊಲದ ಬದುವಿನ ಮೇಲೆ ಸುಮ್ಮನೆ ನಿಂತು ಬೆಳೆಯನ್ನು ನೋಡುತ್ತಾನೆ. ಅವನ ಕೈಯಲ್ಲಿ ಕುಡಗೋಲೂ ಇಲ್ಲ, ಬಾರಕೋಲೂ ಇಲ್ಲ. ಅದನ್ನು ದಂಡದ ಕೆಲಸವೆಂದು ಯಾರೂ ಜರೆಯುವದಿಲ್ಲ. ಹೊಲವಿಲ್ಲದವನು ಎಲ್ಲಿ ನಿಂತು ನೋಡಬೇಕು? ಆದದರಿಂದ ನಾನೂ ಬರುತ್ತೇನೆಂದೆನು.

ಮೊದಲು ಯಾದಗಿರಿಯ ಕೋಟೆಯನ್ನು ಹತ್ತಿದೆವು. ಅದು ಪಟ್ಟಣದ ನಡುವೆ ಎದ್ದುನಿಂತಿರುವ ಗುಡ್ಡ. ಮೇಲೆ ದೇವಸ್ಥಾನಗಳೂ ಮಸೀದಿಯೂ ನೀರಿನ ಹೊಂಡಗಳೂ ಹಳೆಯ ತೋಪುಗಳೂ ಇವೆ. ಕೆಳಗೆ ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲುದಾರಿ, ಅದರಾಚೆ ಭೀಮಾನದಿ. ಮಕ್ಕಳೂ ಮುದುಕರೂ ಸಕಲ ಮತದವರೂ ಅಲ್ಲಿ ಗಾಳಿ ಸೇವಿಸುತ್ತಿದ್ದರು. ಕಲ್ಲನ್ನು ನೋಡಲು ಹೋದವನು ಕಲ್ಲಿಗೆ ಅಡ್ಡಬಿದ್ದು ಬರಬೇಕೆಂಬ ಕಟ್ಟಳೆಯೇನೂ ಇಲ್ಲ. ಹಿರಿಯರ ಮೊದಲನೆಯ ಪ್ರಶ್ನೆಗೆ ಅಲ್ಲಿ ನನಗೆ ಇಷ್ಟೇ ಉತ್ತರ ಸಿಕ್ಕಿತು. ಅದು ಸಾಕೆಂದೂ ತೋರಿತು. ಎರಡನೆಯ ಗುಡ್ಡಕ್ಕೆ ಹೋದದ್ದೇ ನಾನು ವಿಸ್ತಾರವಾಗಿ ಬರೆಯತಕ್ಕ ಸಂಗತಿ.

ಅದು ಶಹಾಪುರದ ಕಡೆಯ ಒಂದು ಹಳ್ಳಿಯ ಮಗ್ಗುಲಲ್ಲಿದೆ. ಊರಿನ ಹೆಸರು ಇಲ್ಲಿ ಬೇಡ. ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನಸುಕಿನಲ್ಲೇ ಹೊರಟೆವು. ಎದುರಿಗೆ ದೂರದಲ್ಲಿ, ಮಲಗಿದ ಬುದ್ಧನೆಂದು ಹೆಸರಾದ ಶಹಾಪುರದ ಗುಡ್ಡಗಳ ಸಾಲು, ನಿಜವಾಗಿಯೂ ಒಬ್ಬ ಮನುಷ್ಯನು ಅಂಗಾತ ಮಲಗಿದಂತೆ, ಹಣೆ, ಮೂಗು, ಎದೆ ಸಹಿತವಾಗಿ ಕಾಣುತ್ತಿತ್ತು. ಹುಡುಗರ ಮೊಬೈಲುಗಳು ಸಮುದ್ರಮಟ್ಟದಿಂದ ಎಷ್ಟೆತ್ತರವೆಂದು ಕ್ಷಣಕ್ಷಣಕ್ಕೂ ತೋರಿಸುತ್ತಿದ್ದವು. ಒಂದೇ ಬಂಡೆಯ ಮೇಲೆ ನಿಂತ ಇಬ್ಬರ ಮೊಬೈಲುಗಳಲ್ಲಿ ಎರಡು ಅಂಕೆಗಳು ಬಂದು ಅವರೊಳಗೆ ಸಣ್ಣ ಜಗಳವೂ ಆಯಿತು. ಕಾಲುದಾರಿಯು ಸುತ್ತಿಕೊಂಡು ಹೋಗುತ್ತದೆಂದು ಅವರು ನೆಟ್ಟಗೆ ಏರತೊಡಗಿದರು. ಒಂದು ಕಲ್ಲೊಡ್ಡನ್ನು ದಾಟುವಾಗ ಮೇಲಿನ ಸಾಲಿನ ಕಲ್ಲುಗಳು ಉರುಳಿ ಕೆಳಗೆ ಬಿದ್ದವು. ಒಡ್ಡಿನಾಚೆ ತೊಗರಿ, ಕಾಯಿ ಚೆನ್ನಾಗಿ ಒಣಗಿ ಕೊಯ್ಲಿಗೆ ಬಂದಿದ್ದ ತೊಗರಿ. ಒಣಗಿದ ತೊಗರಿಗಿಡಕ್ಕೆ ಮೈ ತಾಕಿದರೆ ಕಾಯಿ ಸಿಡಿದು ಕಾಳು ಉದುರುತ್ತದೆಂದು ನಿಮಗೆಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಮುಂದೆ ಹೋದವರ ಹಿಂದೆ ನಾನೂ ಹೊಕ್ಕೆನು. ತುದಿಯು ಹತ್ತಿರ ಕಾಣುತ್ತಿತ್ತು.

ನಾವು ನಡುಹೊಲದಲ್ಲಿರುವಾಗ ಒಬ್ಬ ಮುದುಕಿಯ ಕೂಗು ಕೇಳಿತು. ಬಂಡೆಯ ಮರೆಯಲ್ಲಿ ಆಡುಗಳ ಸಂಗಡ ಕೂತಿದ್ದವಳು ಕೋಲು ಹಿಡಿದು ಬಂದಳು. "ಹಾದಿ ಬಿಟ್ಟು ಹೊಲದಾಗ ಯಾಕ ಬಂದ್ರಿ, ತಮ್ಮಗಳ್ರಾ? ಕೊಯ್ಯಾಕ ಆಳು ಸಿಗಲಾರದಕ್ಕ ನಿಂತಿದ್ದ ಬೆಳಿ. ನೋಡ್ರಿ, ಇಷ್ಟರಾಗ ಸೇರು ಕಾಳು ಮಣ್ಣಿಗಿ ಹೋತು" ಎಂದಳು.

"ತುದಿಗಿ ಹೋಗೋದಿತ್ತು, ಯವ್ವಾ. ಈ ಸುತ್ತಿನಾಗ ಇದೇ ಎಲ್ಲಾದಕ್ಕಿಂತ ಎತ್ತರ ಅದ" ಎಂದು ಹುಡುಗನು ತೊದಲಿದನು.

ಅವಳು ಕೋಲಿನಿಂದ ಕೆಳಗೆ ತೋರಿಸಿದಳು. ಅಲ್ಲಿ ಕಾಲುವೆಯು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಕೆಳಗೆಲ್ಲಾ ಭತ್ತದ ಗದ್ದೆಗಳು, ಮೇಲೆಲ್ಲಾ ಕಂದು ನೆಲ. "ಎತ್ತರ ಅದ ಅಂತಲೇ ನನ್ನ ಬಾಯಾಗ ಮಣ್ಣು ಬಿದ್ದದ. ಕೆನಾಲಿನ ನೀರು ಮ್ಯಾಲ ಹತ್ತತದೇನು? ಈ ಗುಡ್ಡದ ಮ್ಯಾಲ ದಿನಾ ಆಡು ಹೊಡಕೊಂಡು ಹೋಗ್ತೀನಿ. ದೊಡ್ಡ ಜಾಗ ಅಂತ ಇವತ್ತು ನಿಮ್ಮಿಂದ ಗೊತ್ತಾತು" ಎಂದಳು.

ಪ್ರಿಯರೇ, ಸೆಮಿನೆರಿಯಲ್ಲಿ ನಾನು ಕೇಳಿದ ಯಾವ ಪಾಠವೂ ಎತ್ತರದ ವಿಷಯವಾಗಿ ನನಗೆ ಇಷ್ಟು ತಿಳಿಸಲಿಲ್ಲ. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು; ಅದರ ಎಡದಂಡೆಯ ಕಾಲುವೆಯು ಸುರಪುರ, ಶಹಾಪುರಗಳ ಬಯಲಿಗೆ ನೀರನ್ನು ತಂದಿತು. ಜೋಳ ಸಜ್ಜೆಗಳ ನಾಡಿನಲ್ಲಿ ಭತ್ತ ಬೆಳೆಯಿತು. ಆದರೆ ಕಾಲುವೆಯು ಇಳಿಜಾರನ್ನು ನೋಡಿಕೊಂಡು, ಬೆಟ್ಟದ ಬುಡಗಳನ್ನು ಬಳಸಿ ಹೋಗುತ್ತದೆ. ಅದರ ಮೇಲಿನ ಹೊಲ ಒಂದು ಮಾರಿನಷ್ಟೇ ಎತ್ತರವಿದ್ದರೂ ಅದಕ್ಕೆ ಒಂದು ಹನಿ ಬರುವದಿಲ್ಲ. ಎತ್ತರದ ಅಂಕೆಯನ್ನು ಕಾಲುವೆಯಷ್ಟು ಕಟ್ಟುನಿಟ್ಟಾಗಿ ಓದುವವರು ಯಾರೂ ಇಲ್ಲ.

ನೀರಿನದು ಹಾಗಾಯಿತು, ಮಣ್ಣಿನದೂ ಹಾಗೆಯೇ. ಸಾವಿರಾರು ಮಳೆಗಾಲಗಳು ಗುಡ್ಡದ ನುಣ್ಣನೆಯ ಮಣ್ಣನ್ನು ತೊಳೆದು ಕೆಳಗಿಳಿಸುತ್ತವೆ. ಮೇಲೆ ಉಳಿಯುವದು ಗರಸು, ಕಲ್ಲು, ಮಸಾರಿ. ಕೆಳಗೆ ದಪ್ಪನೆಯ ಹೊಲ ಮಾಡುವವನ ಮಣ್ಣಿನಲ್ಲಿ ಮೇಲಿನವನ ಹೊಲದ ಪಾಲೂ ಇರುತ್ತದೆ. ಶಹಾಪುರದ ಸೀಮೆಯು ಕೃಷ್ಣಾ ಭೀಮಾ ನದಿಗಳ ನಡುವೆ ಇರುವದರಿಂದ ಗುಡ್ಡದ ಒಂದು ಮಗ್ಗುಲಿನ ಮಳೆಯು ಭೀಮೆಗೆ, ಇನ್ನೊಂದು ಮಗ್ಗುಲಿನದು ಕೃಷ್ಣೆಗೆ ಹರಿದು, ಎರಡೂ ರಾಯಚೂರಿನ ಉತ್ತರಕ್ಕೆ ಕೂಡಿಕೊಳ್ಳುತ್ತವೆ. ನಡುವೆ ಇರುವ ತುದಿಯು ಇಬ್ಬರಿಗೂ ಕೊಟ್ಟು ತಾನು ಒಣಗಿ ನಿಂತಿದೆ. ಹೀಗಿರುವಾಗ ಬೇಸಾಯದ ನಾಡಿನಲ್ಲಿ ಅತ್ಯುನ್ನತ ಸ್ಥಳವೆಂದರೆ ಏನು? ಎಲ್ಲಕ್ಕಿಂತ ಹೆಚ್ಚು ಕಳಕೊಂಡ ಸ್ಥಳ. ಅಂಥಲ್ಲಿ ಯಾರು ಉಳುತ್ತಾರೆ? ಎರೆಭೂಮಿಯನ್ನು ಕೊಳ್ಳಲು ಶಕ್ತಿಯಿಲ್ಲದವರು. ನಮ್ಮ ಜನರಿಗೆ ಹಿಂದೆ ಹೊಲವೆಂದು ಏನಾದರೂ ದೊರಕಿದಲ್ಲಿ ಅದು ಇಂಥ ಮಡ್ಡಿಯ ನೆಲವೇ ಆಗಿತ್ತು. ಮನೆಗಳಿಗೆ ಮಾತ್ರ ಇದು ತಿರುಗಾಮುರುಗಾ: ಊರು ಎತ್ತರದ ಮೇಲೆ, ಕೇರಿಯು ಬಚ್ಚಲುನೀರು ಇಳಿದು ಬರುವ ತಗ್ಗಿನಲ್ಲಿ. ಎತ್ತರವು ಲಾಭವಾಗಿರುವಲ್ಲಿ ನಮಗೆ ತಗ್ಗು, ತಗ್ಗು ಲಾಭವಾಗಿರುವಲ್ಲಿ ನಮಗೆ ಎತ್ತರ! ಈ ಲೆಕ್ಕವನ್ನು ಹಾಕಿದವರಿಗೆ ಸರ್ವೇ ಯಂತ್ರಗಳು ಬೇಕಾಗಿರಲಿಲ್ಲ.

ಗುಡ್ಡಕ್ಕೆ ಗೇಟಿಲ್ಲವೆಂದು ಹುಡುಗನು ಹೇಳಿದ್ದನು. ಆ ತೊಗರಿಯೇ ಗೇಟಾಗಿತ್ತು. ಕಾವಲುಗಾರನಿಲ್ಲದ್ದರಿಂದ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ. ಬಡವನಿಗೆ ಅಡ್ಡಗಟ್ಟಿದವರ ಅನ್ಯಾಯವನ್ನು ಬಲ್ಲವರಾದ ನಾವೇ ಬಡವಳ ಬೇಲಿಯನ್ನು ಕಾಣದೆ ಹೋದೆವು. ಹುಡುಗರ ಆಶೆಯು ತಪ್ಪಾಗಿತ್ತೆಂದು ನಾನು ಈಗಲೂ ಹೇಳುವದಿಲ್ಲ. ಇಪ್ಪತ್ತೆರಡು ಅಂತಸ್ತುಗಳ ಇಟ್ಟಂಗಿ ಹೊತ್ತವನು ಒಂದು ದಿವಸ ಗಾಳಿಯಲ್ಲಿ ನಿಂತರೆ ಅದರಲ್ಲಿ ಗರ್ವವಿದೆಯೆಂದು ಹೇಳುವವನು ಇಟ್ಟಂಗಿಯನ್ನು ಹೊತ್ತು ನೋಡಲಿ. ಆದರೆ ಹೋಗುವ ಹಾದಿಯು ಯಾರ ಹೊಲದಲ್ಲಿ ಇದೆ, ಅವರನ್ನು ಕೇಳಿದ್ದೇವೋ ಎಂಬದು ಗುಡ್ಡದ ಅಂಕೆಗಿಂತ ಮೊದಲು ಬರತಕ್ಕ ಪ್ರಶ್ನೆ. ಅಮೇರಿಕಾದ ಆ ಹವ್ಯಾಸದವರಲ್ಲಿಯೂ ಒಕ್ಕಲಿಗನ ಮನೆಯ ಬಾಗಲನ್ನು ತಟ್ಟಿ ಅಪ್ಪಣೆ ಕೇಳುವದು ಒಳ್ಳೆಯವರ ಪದ್ಧತಿ. ಆ ಬಾಗಲಲ್ಲಿ ನಿಂತಾಗಲೇ ಆ ಸ್ಥಳಕ್ಕೆ ಅವರು ಅರ್ಧ ಬಂದಂತಾಯಿತೆಂದು ನಾನು ಎಣಿಸುತ್ತೇನೆ. ಕೇಳದೆ ನುಗ್ಗಿ ತುದಿಯ ಕಲ್ಲಿನ ಮೇಲೆ ಪಟ ತೆಗೆದುಕೊಂಡು ಇಳಿದವನು ಅಲ್ಲಿಗೆ ಹೋಗಿ ಬಂದನೆಂದು ನಾನು ಒಪ್ಪಲಾರೆನು. ಅವನು ಕಂಡದ್ದು ತನ್ನ ಮೊಬೈಲಿನ ಅಂಕೆಯನ್ನು ಮಾತ್ರ.

ಆ ದಿವಸ ನಾವು ತುದಿಗೆ ಹೋಗಲಿಲ್ಲ. ಮುದುಕಿಯೇ, "ಇಲ್ಲಿತನಕ ಬಂದೀರಿ, ಆಡಿನ ಹಾದಿ ಹಿಡದು ಹೋಗಿಬರ್ರಿ" ಎಂದಳು, ಹುಡುಗರಿಗೆ ಮನಸ್ಸಾಗಲಿಲ್ಲ. ಉದುರಿದ ಕಾಳನ್ನು ಅವಳ ಸಂಗಡ ಕೂತು ಆರಿಸಿದೆವು; ಸೇರಾಗಲಿಲ್ಲ, ಅರ್ಧ ಸೇರು ಆಗಿರಬಹುದು. ಮಾರನೆಯ ದಿವಸ ಅವರೇ ನಾಲ್ವರು ಹೋಗಿ ಆಳಿಲ್ಲದೆ ನಿಂತಿದ್ದ ಆ ತೊಗರಿಯನ್ನು ಕೊಯ್ದುಕೊಟ್ಟರು. ಕೂಲಿಯನ್ನು ಅವಳು ಕೊಡಹೋದಳು, ಇವರು ತಕ್ಕೊಳ್ಳಲಿಲ್ಲ. ಒಡ್ಡು ಮಾತ್ರ ಬಾಕಿ ಉಳಿಯಿತು.

ಆ ಒಡ್ಡನ್ನು ಕಟ್ಟುವದಕ್ಕೆ ಹೊರಟ ದಿವಸ, ಕಟ್ಟೆಯ ಮೇಲೆ ಕೂತು ನಮ್ಮನ್ನು ಜರೆದಿದ್ದ ಹಿರಿಯರು ತಾವೂ ಬಂದರು. ಒಡ್ಡುಕಲ್ಲು ಜೋಡಿಸುವದರಲ್ಲಿ ಅವರಷ್ಟು ಬಲ್ಲವರು ನಮ್ಮ ಓಣಿಯಲ್ಲಿ ಇಲ್ಲ. ಮಧ್ಯಾಹ್ನದಲ್ಲಿ ರೊಟ್ಟಿ ಬಿಚ್ಚಿದಾಗ ಅವರು ನನ್ನ ಕಡೆಗೆ ನೋಡದೆ ಒಂದು ಮಾತನ್ನು ಹೇಳಿದರು. ಅವರು ಹತ್ತು ವರುಷದ ಹುಡುಗರಾಗಿದ್ದಾಗ, ಒಂದು ಗುಡ್ಡಕ್ಕೆ ಪಾವಟಿಗೆ ಹಾಕುವ ಕೆಲಸದಲ್ಲಿ ಅವರ ಅಪ್ಪನು ಕಲ್ಲು ಹೊತ್ತನಂತೆ. ಎಲ್ಲಾ ಮೆಟ್ಟಲುಗಳು ಕೂತ ಮೇಲೆ, ಮೊದಲನೆಯ ಹಬ್ಬದ ದಿವಸ, ಅಪ್ಪನೂ ಮಗನೂ ಮೇಲೆ ಹೇಗೆ ಕಾಣುತ್ತದೋ ನೋಡೋಣವೆಂದು ಹೋದರು. ನಾಲ್ಕನೆಯ ಮೆಟ್ಟಲಿನಲ್ಲಿಯೇ ಅವರನ್ನು ತಡೆದು ಇಳಿಸಿದರು. ಆ ಗುಡ್ಡ ಯಾವದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಅವತ್ತಿನಿಂದ ಗುಡ್ಡ ಅಂದ್ರ ನನಗ ಆಗಂಗಿಲ್ಲ, ಅಯ್ಯನೋರೇ. ಮೈಲಾಪುರದ ಮಾತು ಸುಮ್ನ ಬಾಯಿಗಿ ಬಂತು" ಎಂದರು.

ಕಿರಿಯ ಹುಡುಗನು ಕೈ ಒರಸಿಕೊಂಡು, "ಹಂಗಾರ ಈಗ ಏಳ್ರಿ ಅಜ್ಜಾ, ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀವಿ. ಅವ್ವನೂ ಹೋಗ್ರಿ ಅಂದಾಳ" ಎಂದನು. ಹಿರಿಯರು ತುದಿಯ ಕಡೆಗೆ ಸ್ವಲ್ಪ ಹೊತ್ತು ನೋಡಿ, ತಮ್ಮ ಮೊಣಕಾಲನ್ನು ಮುಟ್ಟಿಕೊಂಡರು. "ನೀವು ಹೋಗಿ ಬರ್ರಿ. ಅಲ್ಲಿಂದ ನಮ್ಮ ಓಣಿ ಕಾಣ್ತದೋ ಇಲ್ಲೋ ಅಷ್ಟು ನೋಡ್ಕೊಂಡು ಬಂದು ಹೇಳ್ರಿ" ಎಂದರು.

ನಾಲ್ವರೂ ಆಡಿನ ಹಾದಿಯನ್ನು ಹಿಡಿದು ಹೋದರು. ನಾನು ಹಿರಿಯರ ಬಳಿಯಲ್ಲಿಯೇ ಉಳಿದೆನು. ಅವರು ಕೇಳಿದ ಕಲ್ಲುಗಳನ್ನು ಎತ್ತಿಕೊಡುತ್ತಿದ್ದೆನು. ಅರ್ಧ ತಾಸಿನಲ್ಲಿ ಮೇಲಿನಿಂದ ಕೂಗು ಕೇಳಿತು. ಓಣಿಯು ಕಾಣುವದಿಲ್ಲವಂತೆ, ನಡುವೆ ಒಂದು ದಿಬ್ಬ ಅಡ್ಡ ಬಂದಿದೆಯಂತೆ. ನಮ್ಮ ಮಂದಿರದ ಮುಂದಿನ ಬೇವಿನಮರದ ನೆತ್ತಿ ಮಾತ್ರ ಕಾಣುತ್ತದಂತೆ. ಹಿರಿಯರು "ಹೂಂ" ಎಂದು ಮುಂದಿನ ಕಲ್ಲಿಗೆ ಕೈ ಚಾಚಿದರು. ಹುಡುಗರು ಮರುವಾರವೇ ಬೆಂಗಳೂರಿಗೆ ಹೊರಟುಹೋದರು. ಒಡ್ಡಿನ ಕೆಲಸವು ಇನ್ನೂ ಎರಡು ದಿವಸದ್ದು ಉಳಿದಿದೆ. ರೋಹಿಣಿಯ ಮಳೆ ಬೀಳುವದಕ್ಕೆ ಮುಂಚೆ ಮುಗಿಸಿಕೊಡಬೇಕೆಂದು ಮುದುಕಿಯು ಹೇಳಿಕಳುಹಿಸಿದ್ದಾಳೆ.